ಕಲೆಕ್ಟರನ ಗಾಳ, ಕಾವೇರಿಯ ರಾಗಿಮುದ್ದೆ

ಕಿಟ್ಟೆಲ್ ನಿಘಂಟು 1894ರಲ್ಲಿ ಹೊರಬಂದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನ ಅಚ್ಚುಕೂಟದಿಂದ ಎಂಬುದು ಕನ್ನಡ ಓದುಗರಿಗೆ ತಿಳಿದ ಸಂಗತಿ. ಅದಕ್ಕೆ 21 ವರ್ಷ ಮೊದಲೇ, 1873ರಲ್ಲಿ, ಅದೇ ಮಿಷನ್ನಿನ ಪ್ರಕಟಣಾಲಯ ಇನ್ನೊಂದು ದಪ್ಪ ಪುಸ್ತಕ ಹೊರತಂದಿತ್ತು. ಅದರಲ್ಲಿ ಬೈಬಲ್ಲಿನ ಮಾತಿರಲಿಲ್ಲ, ವ್ಯಾಕರಣವೂ ಇರಲಿಲ್ಲ. ‘ದಿ ರಾಡ್ ಇನ್ ಇಂಡಿಯಾ’ ಎಂಬ ಆ ಇಂಗ್ಲಿಷ್ ಪುಸ್ತಕ ಗಾಳ ಹಾಕುವುದು ಹೇಗೆ, ಯಾವ ಮೀನಿಗೆ ಯಾವ ಎರೆ, ಯಾವ ಹೊಳೆಗೆ ಯಾವ ಕಾಲ ಎಂಬುದನ್ನು ವಿವರವಾಗಿ ಹೇಳುತ್ತಿತ್ತು. ಭಾರತದ ಮೀನುಬೇಟೆಯ ಬಗ್ಗೆ ಮುಂದೆ ಬಂದ ಇಂಗ್ಲಿಷ್ ಪುಸ್ತಕಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇದರ ಸಾಲಗಾರರು. ಎರಡನೆಯ ಆವೃತ್ತಿ 1881ರಲ್ಲಿ, ಮೂರನೆಯದು 1897ರಲ್ಲಿ ಬಂತು. ಮೊದಲನೆಯದು ಮಾತ್ರ ನೇತ್ರಾವತಿಯ ದಡದ ಊರಿನ ಕೂಸು.

ಬರೆದವನು ಹೆನ್ರಿ ಸಲಿವನ್ ಥಾಮಸ್, ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ, ದಕ್ಷಿಣ ಕನ್ನಡದ ಕಲೆಕ್ಟರ್. ಕಂದಾಯ ಎಣಿಸುವುದು ಆತನ ಕಸುಬು, ಮೀನು ಹಿಡಿಯುವುದು ಹುಚ್ಚು. ಎರಡೂ ಒಂದೇ ತಲೆಯಲ್ಲಿ ಸೇರಿದ್ದರಿಂದ ಒಂದು ಅಪರೂಪದ ಫಲ ಬಂತು. ಹೊಳೆಗಳಲ್ಲಿ ಮೀನು ಕಡಿಮೆಯಾಗುತ್ತಿದೆಯೇ, ಆಗುತ್ತಿದ್ದರೆ ಯಾಕೆ ಎಂಬ ಪ್ರಶ್ನೆಯನ್ನು ಈ ಮನುಷ್ಯ ಜಮಾಬಂದಿ ಲೆಕ್ಕದಷ್ಟೇ ಗಂಭೀರವಾಗಿ ತೆಗೆದುಕೊಂಡ. 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆಯ ಮೇಲೆ ಆತನ ವರದಿಯೇ ಅಚ್ಚಾಯಿತು. ಮೋಜಿನ ಪುಸ್ತಕ ಬಂದದ್ದು ಆಮೇಲೆ.

ಆ ವರದಿಯ ತಿರುಳು ಇಂದು ಓದುವವರಿಗೂ ಪರಿಚಿತವೇ. ಸಣ್ಣ ಕಣ್ಣಿನ ಬಲೆ, ಗದ್ದೆಯ ಬದುವಿಗೆ ಇಟ್ಟ ಬುಟ್ಟಿಗೂಳಿ, ಬೇಸಿಗೆಯಲ್ಲಿ ಗುಂಡಿಗೆ ಸುರಿಯುವ ಕಾಡುಕಾಯಿಯ ವಿಷ, ಇವು ಮೂರೂ ಸೇರಿ ಮರಿಯನ್ನು ಮರಿಯಿರುವಾಗಲೇ ಮುಗಿಸುತ್ತಿವೆ ಎಂಬುದು ಥಾಮಸನ ದೂರು. ಮರಿ ಬೆಳೆದರೆ ಬಡವರ ತಟ್ಟೆಗೆ ಎಷ್ಟು ಹೆಚ್ಚು ಮೀನು ಬಂದೀತು ಎಂಬುದು ಆತನ ವಾದ. ಇದರಲ್ಲಿ ಗಾಳಗಾರನ ಸ್ವಾರ್ಥವೂ ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಊರವರ ಬುಟ್ಟಿಗೂಳಿಯನ್ನು ಕಂಡ ಕಣ್ಣಿಗೆ ಸರ್ಕಾರದ ಕಟ್ಟೆಗಳು ಅಷ್ಟು ಬೇಗ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಅಣೆಕಟ್ಟುಗಳು ಮೀನಿನ ದಾರಿಗೆ ಅಡ್ಡ ಬರುತ್ತಿವೆ ಎಂಬ ಅನುಮಾನ 1860ರ ದಶಕದಲ್ಲೇ ಮದ್ರಾಸ್ ಪ್ರಾಂತದಲ್ಲಿ ಎದ್ದಿತ್ತು. ಅದನ್ನು ಎತ್ತಿದವರಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್ನನೇ ಒಬ್ಬ ಎಂಬುದು ವಿಚಿತ್ರವಾದರೂ ನಿಜ. ಆ ಚರ್ಚೆಯಿಂದಲೇ ಫ್ರಾನ್ಸಿಸ್ ಡೇ ಎಂಬ ವೈದ್ಯ ಇಡೀ ದೇಶದ ಮೀನುಗಳ ಸಮೀಕ್ಷೆಗೆ ಹೊರಟ. ಆತನ ‘ಫಿಶಸ್ ಆಫ್ ಇಂಡಿಯಾ’ 1870ರ ದಶಕದ ಕೊನೆಯಲ್ಲಿ ಮುಗಿಯಿತು. ಥಾಮಸನೂ ಡೇಯೂ ಎತ್ತಿದ ಕೂಗು ಕಾನೂನಾಗಲು ಇನ್ನೂ ಎರಡು ದಶಕ ಬೇಕಾಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ಸಿಡಿಮದ್ದು ಎಸೆಯುವುದನ್ನೂ ವಿಷ ಬೆರೆಸುವುದನ್ನೂ ಅಪರಾಧ ಮಾಡಿತು.

ಥಾಮಸನ ಪುಸ್ತಕದ ನಾಯಕ ಮಹಶೀರ್. ಇಂಗ್ಲೆಂಡಿನ ಗಾಳಗಾರರು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಸಾಲ್ಮನ್ನಿಗಿಂತ ಈ ಮೀನಿನ ಎಳೆತವೇ ಜೋರು ಎಂದು ಥಾಮಸ್ ಅಂಜದೆ ಬರೆದ. ಆ ಕಾಲಕ್ಕೆ ಅದು ದೊಡ್ಡ ಮಾತು. ಹಿಂದೂಸ್ತಾನದ ಹೊಳೆಯಲ್ಲಿ ಹಿಡಿಯಬಹುದಾದ ಮೀನೇ ಇಲ್ಲ ಎಂದುಕೊಂಡು ಹುಲಿ, ಹಂದಿಗಳ ಹಿಂದೆ ಬಿದ್ದಿದ್ದ ಸಾಹೇಬರು ಗಾಳದ ಕೋಲು ಹಿಡಿದು ಘಟ್ಟದ ಕಡೆ ಹೊರಳಿದ್ದು ಇಂಥ ಮಾತುಗಳಿಂದಲೇ. ಮಹಶೀರಿನ ಗಂಟಲಲ್ಲಿರುವ ಹಲ್ಲಿನ ಬಲ, ಹಣ್ಣುಕಾಯಿಯಿಂದ ಏಡಿಯವರೆಗೆ ಅದು ತಿನ್ನುವ ಬಗೆ, ಮಳೆಗಾಲದ ನೆರೆಯಲ್ಲಿ ಅದು ಮೇಲೇರುವ ರೀತಿ, ಎಲ್ಲವನ್ನೂ ನೋಡಿ ಬರೆದಿದ್ದಾನೆ. ಅಳಿವೆಯ ಉಪ್ಪುನೀರೂ ಆತನ ಕಣ್ಣಿಗೆ ಬಿದ್ದಿತ್ತು.

ಹುಸಿ ಎರೆಯ ವಿಷಯಕ್ಕೂ ಥಾಮಸ್ ಜಾಗ ಕೊಟ್ಟಿದ್ದಾನೆ. ಲೋಹದ ಚಮಚೆಯೊಂದನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಎಳೆದರೆ ಅದು ಓಲಾಡುತ್ತ, ಮಿನುಗುತ್ತ ಬರುತ್ತದೆ. ಬೇಟೆಮೀನಿನ ಕಣ್ಣಿಗೆ ಅದು ಪೆಟ್ಟು ತಿಂದ ಚಿಕ್ಕಮೀನು. ತಿನ್ನುವುದಕ್ಕೆ ಮೊದಲು ಮೂಸಿ ನೋಡಲು ಅದಕ್ಕೆ ಸಮಯವಿಲ್ಲ. ಹರಿವ ನೀರಿನಲ್ಲಿ ಸೆಕೆಂಡಿನೊಳಗೆ ತೀರ್ಮಾನವಾಗಬೇಕು, ಇಲ್ಲವಾದರೆ ಊಟ ಕೈತಪ್ಪುತ್ತದೆ. ಹುಸಿ ಎರೆಯ ಇಡೀ ವಿದ್ಯೆ ನಿಂತಿರುವುದು ಈ ಆತುರದ ಮೇಲೆ. ಈ ಚಮಚೆಗೆ ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲಿ ಪೇಟೆಂಟ್ ಪಡೆದಿದ್ದ. ಇಪ್ಪತ್ತೇ ವರ್ಷದಲ್ಲಿ ಅದು ಪಶ್ಚಿಮಘಟ್ಟದ ಹೊಳೆಗಳಲ್ಲಿ ಓಲಾಡುತ್ತಿತ್ತು.

ಹಾಗೆಂದು ಗಾಳದ ಮೋಜನ್ನು ಕನ್ನಡನಾಡಿಗೆ ತಂದವನು ಈ ಕಲೆಕ್ಟರನೇ ಎಂದರೆ ಕಲ್ಯಾಣದ ಅರಸು ಮುನಿಸಿಕೊಂಡಾನು.

ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 12ನೇ ಶತಮಾನದ ಎರಡನೆಯ ಕಾಲಭಾಗದಲ್ಲಿ ಕಲ್ಯಾಣದಿಂದ ಆಳಿದ. ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಅವನದು. 1131ರ ಆಸುಪಾಸಿನಲ್ಲಿ ರಚಿತವಾದ ಅದರಲ್ಲಿ ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವುದರಿಂದ ಹಿಡಿದು ಅಡುಗೆ, ಸಂಗೀತ, ಆನೆ, ರತ್ನಗಳವರೆಗೆ ಅರಸನಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಇಡ್ಲಿಯ ಪೂರ್ವಜನನ್ನು ಹುಡುಕುವವರು ಅದರ ಅಡುಗೆಯ ಭಾಗವನ್ನು ಉದ್ಧರಿಸುತ್ತಾರೆ. ಅದೇ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯ ಇದೆ ಎಂಬುದು ಮಾತ್ರ ಇಡ್ಲಿಯಷ್ಟು ಪ್ರಸಿದ್ಧವಾಗಲಿಲ್ಲ.

ಇದು ಹೊಟ್ಟೆಪಾಡಿನ ಮೀನುಗಾರಿಕೆಯಲ್ಲ, ಅರಸನ ಆಟ. ಕೋಲು, ದಾರ, ಕೊಕ್ಕೆ ಹೇಗಿರಬೇಕು ಎಂಬುದರ ಜೊತೆಗೆ ಯಾವ ಮೀನಿಗೆ ಯಾವ ಉಂಡೆ ಎಂಬ ವಿವರ ಅದರಲ್ಲಿದೆ. ಸಮುದ್ರದ ಮೀನು, ಸಿಹಿನೀರಿನ ಮೀನು, ಹುರುಪೆಯಿದ್ದದ್ದು, ಇಲ್ಲದ್ದು, ದೊಡ್ಡದು, ನಡುಗಾತ್ರದ್ದು, ಚಿಕ್ಕದು ಎಂದು ವಿಂಗಡಿಸಿ ಸುಮಾರು 35 ಬಗೆಗಳನ್ನು ಹೆಸರಿಸಲಾಗಿದೆ. ಮೊದಲು ಮೀನಿಗೆ ತಿನ್ನಿಸಿ ಒಂದು ಕಡೆ ಸೇರುವಂತೆ ಅಭ್ಯಾಸ ಮಾಡಿಸಿ, ಆಮೇಲೆ ಗಾಳ ಇಳಿಸುವ ಕ್ರಮವೂ ಅಲ್ಲಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಬಿಡಿಸಿ ಮೀನುಗಳನ್ನು ಗುರುತಿಸಲು ಕೂತರು. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲು ಅಚ್ಚಾದ ಬರಹ 1496ರದು, ಐಸಾಕ್ ವಾಲ್ಟನ್ನನ ಜನಪ್ರಿಯ ಪುಸ್ತಕ 1653ರದು. ಕಲ್ಯಾಣದ ದೊರೆ ಅವೆರಡಕ್ಕಿಂತಲೂ ಶತಮಾನಗಳಷ್ಟು ಹಿಂದಿನವನು. ಸಮುದ್ರದಿಂದ ಇಷ್ಟು ದೂರದ ಕಲ್ಯಾಣದಲ್ಲಿ ಕೂತವನು ಕಡಲಮೀನಿನ ಪಟ್ಟಿ ಬರೆಯುತ್ತಾನೆಂದರೆ, ಕೊಂಕಣದ ಕಡಲವರೆಗೆ ಚಾಚಿದ್ದ ಆ ರಾಜ್ಯದ ಅಗಲವೂ ಅದರಲ್ಲಿ ಓದಸಿಗುತ್ತದೆ.

ಅರಸನೂ ಕಲೆಕ್ಟರನೂ ಬರೆದಿಟ್ಟರು. ಅವರಿಗೆ ಮೀನಿರುವ ಜಾಗ ತೋರಿಸಿದವರು ಬರೆದಿಡಲಿಲ್ಲ. ಕರಾವಳಿಯ ಮೊಗವೀರರು, ಅಂಬಿಗರು, ಘಟ್ಟದ ಬುಡದ ಹೊಳೆಗಳಲ್ಲಿ ರಾತ್ರಿ ಗಾಳ ಇಟ್ಟು ಬೆಳಗ್ಗೆ ಎತ್ತುವ ಮನೆಗಳು, ಇವರ ಲೆಕ್ಕವೆಲ್ಲ ಅಮಾವಾಸ್ಯೆ, ಹುಣ್ಣಿಮೆ, ಉಬ್ಬರ, ಇಳಿತಗಳ ಮೇಲೆ ಬಾಯಲ್ಲೇ ನಡೆಯಿತು. ಗಾಳದ ಚರಿತ್ರೆ ಬರೆಯುವವರು ಇದನ್ನು ಮರೆಯಬಾರದು: ಉಳಿದದ್ದು ಮೋಜುಗಾರರ ದಾಖಲೆ ಮಾತ್ರ. ಇಡೀ ಕತೆಯನ್ನು ಅದರ ಮೂಲಕವೇ ನೋಡುವ ಪಾಡು ನಮ್ಮದು.

ಮೀನಿನೊಡನೆ ಇನ್ನೊಂದು ಬಗೆಯ ನಂಟೂ ಅದೇ ಜಿಲ್ಲೆಯಲ್ಲಿತ್ತು, ಈಗಲೂ ಇದೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮಹಶೀರುಗಳು ದೇವರ ಮೀನು. ಸುಳ್ಯದ ತೊಡಿಕಾನದಲ್ಲೂ ಹಾಗೆಯೇ. ಘಟ್ಟದ ಮೇಲೆ ಶೃಂಗೇರಿಯ ತುಂಗೆಯ ಮೆಟ್ಟಿಲಿಗೆ ಬಂದು ಪುರಿ ತಿನ್ನುವ ಮೀನುಗಳನ್ನು ನೋಡದ ಕನ್ನಡಿಗ ಕಡಿಮೆ. ಬಲೆಯೂ ಇಲ್ಲ, ಗಾಳವೂ ಇಲ್ಲ, ಹಿಡಿದರೆ ಕೇಡು ಎಂಬ ನಂಬಿಕೆ ಮಾತ್ರ. ಆ ನಂಬಿಕೆ ಕಾಯ್ದೆಗಿಂತ ಹೆಚ್ಚು ಕಾಲ ಮೀನು ಕಾಯಿತು. ಆದರೂ ಅದಕ್ಕೂ ಮಿತಿಯಿತ್ತು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿದರು, ರಾಶಿ ರಾಶಿ ಮೀನು ತೇಲಿದವು. ಸತ್ತ ಮೀನುಗಳಿಗಾಗಿ ಊರವರು ಸ್ಮಾರಕ ಕಟ್ಟಿದರು. ಸಿಡಿಮದ್ದು, ವಿಷಗಳ ವಿರುದ್ಧ ಕಾಯ್ದೆ ಬಂದು ಆಗ ಬರೋಬ್ಬರಿ ನೂರು ವರ್ಷಕ್ಕೆ ಒಂದೇ ವರ್ಷ ಬಾಕಿ.

ಥಾಮಸ್ ಹೊಗಳಿದ ಮೀನಿನ ಪೂರ್ತಿ ಗಾತ್ರ ಕಂಡದ್ದು ಮಾತ್ರ ಘಟ್ಟದ ಇಳಿಜಾರಿನಲ್ಲಲ್ಲ, ಮೈಸೂರು ಸೀಮೆಯ ಕಾವೇರಿಯಲ್ಲಿ. ಮೈಸೂರಿನ ವ್ಯಾನ್ ಇಂಗೆನ್ ಮನೆತನ ಹುಲಿ, ಚಿರತೆಗಳ ಚರ್ಮಕ್ಕೆ ಜೀವದ ರೂಪ ಕೊಡುವುದರಲ್ಲಿ ಲೋಕಪ್ರಸಿದ್ಧವಾಗಿತ್ತು. ಆ ಮನೆಯ ಅಣ್ಣತಮ್ಮಂದಿರಿಗೆ ತಂದೆ ಇಟ್ಟದ್ದು ಬೋಯರ್ ಯುದ್ಧದ ಸೇನಾನಿಗಳ ಹೆಸರು: ಬೋಥಾ, ಡಿ ವೆಟ್, ಜೂಬರ್. ಅವರಲ್ಲಿ ಡಿ ವೆಟ್ 1946ರ ಮಾರ್ಚಿನಲ್ಲಿ ಕಾವೇರಿಯ ಉಪನದಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ಎಂದರೆ 54 ಕಿಲೋ, ಒಬ್ಬ ಸಣಕಲು ಮನುಷ್ಯನ ತೂಕ. ಗಾಳದಲ್ಲಿ ಹಿಡಿದ ಮಹಶೀರುಗಳ ಪೈಕಿ ಇಂದಿಗೂ ಎಲ್ಲರೂ ಹೇಳುವ ದಾಖಲೆ ಅದೇ.

ಸ್ವಾತಂತ್ರ್ಯ ಬಂದ ಮೇಲೆ ಸಾಹೇಬರು ಹೊರಟುಹೋದರು, ಮಹಶೀರಿನ ಸುದ್ದಿಯೂ ಅಡಗಿತು. ಮುಗಿದೇ ಹೋಯಿತು ಎಂದವರೂ ಇದ್ದರು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಮೂವರು ಗೆಳೆಯರು ಗಾಳ ಹೊತ್ತು ದೇಶವೆಲ್ಲ ಸುತ್ತಿ, ಕಡೆಗೆ ಕಾವೇರಿಗೆ ಬಂದರು. ಮಹಶೀರ್ ಸತ್ತಿಲ್ಲ ಎಂದು ಅವರು ಸಾರಿದ್ದು ಹೊರದೇಶದ ಗಾಳಗಾರರ ಕಿವಿಗೆ ಬಿತ್ತು. 1972ರಲ್ಲಿ ಶುರುವಾದ, ಬೆಂಗಳೂರಿನಲ್ಲಿ ನೆಲೆಯಿರುವ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಪಾಲನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಕೊಡಗಿನಲ್ಲಿ ಕೊಡಗು ವನ್ಯಜೀವಿ ಸಂಘ ಅದೇ ಕೆಲಸಕ್ಕೆ ಇಳಿಯಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಬಿಡಾರ ತೆರೆಯಿತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮರಳಿ ನೀರಿಗೆ ಬಿಡಬೇಕು ಎಂಬುದು ಅಲ್ಲಿನ ನಿಯಮ.

ಇಲ್ಲೊಂದು ತಮಾಷೆ ನಡೆಯಿತು. ದೂರದೇಶದವರು ಪೆಟ್ಟಿಗೆ ತುಂಬ ಹೊಳೆಯುವ ಚಮಚೆಗಳನ್ನೂ ಮರದ ಮೀನುಗಳನ್ನೂ ತಂದರು. ದಡದ ಹಳ್ಳಿಯ ಹುಡುಗರು ರಾಗಿಹಿಟ್ಟನ್ನು ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ ಕೊಕ್ಕೆಯನ್ನು ಅದರೊಳಗೆ ಹುದುಗಿಸಿ ಕೊಟ್ಟರು. ದೊಡ್ಡ ಮೀನು ಬಿದ್ದದ್ದು ಹೆಚ್ಚಾಗಿ ರಾಗಿಗೇ. ಮಳವಳ್ಳಿ, ಕನಕಪುರ ಸೀಮೆಯ ಮುದ್ದೆ ಹೀಗೆ ಇಂಗ್ಲೆಂಡಿನ ಮೀನುಬೇಟೆ ಪತ್ರಿಕೆಗಳಿಗೂ ಹೋಯಿತು. ಸೋಮೇಶ್ವರನ ಉಂಡೆಯ ಪಟ್ಟಿ ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹರಿಗೋಲು ನಡೆಸಿ, ಸುಳಿ ಎಲ್ಲಿ, ಬಂಡೆ ಎಲ್ಲಿ ಎಂದು ತೋರಿಸುತ್ತಿದ್ದ ಈ ಹುಡುಗರಲ್ಲಿ ಹಲವರು ಹಿಂದೆ ಸಿಡಿಮದ್ದಿನಿಂದ ಮೀನು ಹೊಡೆದವರು. ಈಗ ದಿನಗೂಲಿ ಮೀನಿನ ಜೀವದ ಮೇಲೆ ನಿಂತಿತು.

ಈ ಬಿಡಾರಗಳಲ್ಲಿ ಒಂದು ಒಳ್ಳೆಯ ರೂಢಿಯಿತ್ತು. ಯಾರು, ಎಷ್ಟು ಗಂಟೆ ಗಾಳ ಹಾಕಿದರು, ಎಂಥ ಮೀನು, ಎಷ್ಟು ತೂಕ ಎಂದು ದಿನದಿನವೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಗಾಳಿಬೋರೆಯ 1998ರಿಂದ 2012ರವರೆಗಿನ ಇಂಥ ದಾಖಲೆಯನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಸಂಶೋಧಕರು ಕೂತು ಲೆಕ್ಕ ಹಾಕಿದರು. 23 ಸಾವಿರ ಗಂಟೆಗೂ ಮಿಕ್ಕ ಗಾಳ, 6 ಸಾವಿರಕ್ಕೂ ಮಿಕ್ಕ ಮೀನು. ಮೇಲುನೋಟಕ್ಕೆ ಸಿಹಿಸುದ್ದಿ: ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರುತ್ತ ಬಂದಿತ್ತು. ಒಳಗೆ ನೋಡಿದರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಅದರ ಮರಿಗಳನ್ನು ಮಹಾರಾಷ್ಟ್ರದ ಲೋಣಾವಳೆಯ ಟಾಟಾ ಮೀನುಮರಿ ಕೇಂದ್ರದಲ್ಲಿ ಸಾಕಿ, ಒಳ್ಳೆಯದಾಗಲಿ ಎಂದೇ ದೇಶದ ಹಲವು ನದಿಗಳಿಗೆ ಬಿಡುತ್ತ ಬಂದಿದ್ದರು. ಕಾವೇರಿಯ ಸ್ವಂತದ್ದು, ಬೆನ್ನು ಗೂನಿದ, ಕಿತ್ತಳೆ ರೆಕ್ಕೆಯ ದೈತ್ಯ ಮೀನು ಮಾತ್ರ ವರ್ಷದಿಂದ ವರ್ಷಕ್ಕೆ ಪುಟದಿಂದ ಮರೆಯಾಗುತ್ತಿತ್ತು. ನದಿಗೆ ಉಪಕಾರ ಮಾಡಲು ಹೋದ ಕೈಯೇ ಅದಕ್ಕೆ ಪೆಟ್ಟು ಕೊಟ್ಟಿತು ಎಂಬ ಅನುಮಾನ ಹುಟ್ಟಿದ್ದು ಮೋಜುಗಾರರು ಗೀಚಿಟ್ಟ ಲೆಕ್ಕದಿಂದ.

ಇನ್ನೂ ದೊಡ್ಡ ಮುಜುಗರ 2018ರಲ್ಲಿ ಬಯಲಾಯಿತು. ನೂರೈವತ್ತು ವರ್ಷ ಲೋಕದ ಗಾಳಗಾರರೆಲ್ಲ ಕೊಂಡಾಡಿದ ಈ ಗೂನುಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಅಂಟಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳನ್ನು ನೋಡಿ ಅದಕ್ಕೆ ಕೆಲವು ವರ್ಷ ಮೊದಲು ವರ್ಣಿಸಿದ್ದ ‘ಟಾರ್ ರೇಮಾದೇವಿ’ಯೇ ಇದು ಎಂದು ಆ ವರ್ಷ ಗುರುತಾಯಿತು. ಹೆಸರು ಸಿಕ್ಕ ಬೆನ್ನಿಗೇ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿನ ಕಟ್ಟಕಡೆಯ ವರ್ಗಕ್ಕೆ ಸೇರಿತು.

ಆ ಹೊತ್ತಿಗೆ ಗಾಳವೇ ನಿಂತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೂ ಅಷ್ಟೇ. ಈ ಓದಿನ ಮೇಲೆ ಕಾವೇರಿ ವನ್ಯಜೀವಿಧಾಮದ ಬಿಡಾರಗಳಲ್ಲಿ ಗಾಳ ಬಂದ್ ಆಯಿತು. ಕಾಯ್ದೆಯ ದೃಷ್ಟಿಯಿಂದ ತಪ್ಪು ಹೇಳುವಂತಿಲ್ಲ. ಗಾಳಗಾರರು ಹೋದಲ್ಲಿ ಕಾವಲೂ ಸಡಿಲವಾಗುತ್ತದೆ, ಸಿಡಿಮದ್ದು ಮರಳಿ ಬರುತ್ತದೆ ಎಂದು ಪಿಂಡರ್, ರಾಘವನ್ 2013ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ವಾದಿಸಿದರು. ಆ ವಾದಕ್ಕೂ ತೂಕವಿದೆ. ಒಂದಂತೂ ಖಚಿತ: ಗಾಳಿಬೋರೆಯ ಆ ದಿನಚರಿ ಅಲ್ಲಿಗೆ ಮುಗಿಯಿತು.

ಕಾವೇರಿ ಮುಚ್ಚಿದ ಮೇಲೆ ಬೆಂಗಳೂರಿನ ಗಾಳ ಕಡಲಿಗೆ ಹೊರಳಿತು. ಯಡಿಯೂರು, ಬನಶಂಕರಿ, ಜೆ.ಪಿ. ನಗರಗಳ ಮನೆಗಳಿಂದ ಉದ್ದನೆಯ ಕೊಳವೆಯಂಥ ಚೀಲ ಹೆಗಲಿಗೇರಿಸಿ ಶುಕ್ರವಾರ ರಾತ್ರಿ ಉಡುಪಿ, ಕುಂದಾಪುರದ ಬಸ್ಸು ಹತ್ತುವ ಜೋಡಿಗಳನ್ನು ಈಗ ನೋಡಬಹುದು. ಸಾಮಾನ್ಯವಾಗಿ ಇಬ್ಬರು. ಒಬ್ಬ ಎಸೆಯುವಾಗ ಇನ್ನೊಬ್ಬ ದೋಣಿಯ ಸಮತೋಲ ನೋಡಬೇಕು, ಮೀನು ಹತ್ತಿರ ಬಂದಾಗ ಕೈಬಲೆ ಚಾಚಬೇಕು. ಖರ್ಚೂ ಅರ್ಧವಾಗುತ್ತದೆ. ಮುಖ್ಯವಾಗಿ, ತಪ್ಪಿಸಿಕೊಂಡ ಮೀನಿನ ಗಾತ್ರಕ್ಕೆ ಸಾಕ್ಷಿ ಬೇಕು.

ಅವರ ಚೀಲದೊಳಗೂ ಚರಿತ್ರೆಯಿದೆ. ಥಾಮಸನ ಕಾಲದ ರಾಟೆ ಕೈಯಿಂದ ಬಿಡಿಸಬೇಕಾದ ಭಾರದ ವಸ್ತು. 1905ರಲ್ಲಿ ಇಂಗ್ಲೆಂಡಿನ ಬಟ್ಟೆ ಗಿರಣಿಯ ಸೀಮೆಯ ಆಲ್ಫ್ರೆಡ್ ಇಲಿಂಗ್‌ವರ್ತ್ ಹೊಸ ಬಗೆಯ ರೀಲಿಗೆ ಪೇಟೆಂಟ್ ಪಡೆದ. ಗಿರಣಿಯ ಕದಿರಿನಿಂದ ನೂಲು ಸರಾಗ ಬಿಚ್ಚಿಕೊಳ್ಳುವಂತೆ, ಅದರ ಉರುಳೆ ತಿರುಗದೆಯೇ ದಾರ ಹೊರಬೀಳುತ್ತಿತ್ತು. ಹಗುರ ಎರೆಯನ್ನೂ ದೂರ ಎಸೆಯಲು ಬಂದದ್ದು ಆಗ. ಫಿನ್‌ಲೆಂಡಿನ ಬಡ ಮೀನುಗಾರ ಲೌರಿ ರಾಪಾಲ 1936ರಲ್ಲಿ ಬೆಂಡು ಕೆತ್ತಿ, ಮೇಲೆ ಚಾಕೊಲೆಟ್ಟಿನ ಬೆಳ್ಳಿಕಾಗದ ಸುತ್ತಿ, ಕುಂಟುವ ಮೀನಿನಂತೆ ಈಜುವ ಎರೆ ಮಾಡಿದ. 1962ರಲ್ಲಿ ‘ಲೈಫ್’ ಪತ್ರಿಕೆ ಅದರ ಬಗ್ಗೆ ಬರೆಯಿತು. ಅದೇ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡ ಮೆರಿಲಿನ್ ಮನ್ರೊ ಇದ್ದಳು. ಸಂಚಿಕೆ ಲಕ್ಷಾಂತರ ಮನೆಗೆ ಹೋಯಿತು, ರಾಪಾಲನ ಮನೆಗೆ ಆರ್ಡರುಗಳ ಮೂಟೆ ಬಂತು. ಇವತ್ತು ಕೋಡಿಬೇಂಗ್ರೆಯ ದೋಣಿಯಲ್ಲಿ ಬೆಂಗಳೂರಿನ ಹುಡುಗರು ಬರೀ ‘ಲೂರ್’ ಎನ್ನುವುದು ಹೆಚ್ಚಾಗಿ ಇದರ ಮರಿಮೊಮ್ಮಕ್ಕಳನ್ನೇ.

ಸ್ವರ್ಣಾ, ಸೀತಾ ಹೊಳೆಗಳು ಜೊತೆಯಾಗಿ ಕಡಲು ಸೇರುವುದು ಕೋಡಿಬೇಂಗ್ರೆಯ ಬಳಿ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಸಮುದ್ರ, ನಡುವೆ ಊರೆಂಬ ಮರಳಿನ ನಾಲಿಗೆ. ಹಿನ್ನೀರಿನ ಅಂಚಿಗೆ ಕಾಂಡ್ಲಾ ಗಿಡಗಳ ಬೇರು ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ. ಉಬ್ಬರ ಏರುವಾಗ ಚಿಕ್ಕಮೀನು, ಸಿಗಡಿಗಳು ಈ ಬೇರಿನ ನೆರಳಿಗೆ ನುಗ್ಗುತ್ತವೆ, ಇಳಿಯುವಾಗ ಹೊರಗೆ ಬರಲೇಬೇಕು. ಕೆಂಬೇರಿ ಮೀನು ಬೇರಿನೊಳಗೇ ಹೊಂಚುತ್ತದೆ. ಸೀಬಾಸ್ ಸೇತುವೆಯ ಕಂಬದ, ಕಲ್ಲುಗೋಡೆಯ ಹಿಂದೆ, ಸೆಳೆತ ಮುರಿಯುವಲ್ಲಿ ನಿಲ್ಲುತ್ತದೆ. ಆದ್ದರಿಂದ ಗಾಳಗಾರನಿಗೆ ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ನೀರು ತಿರುಗುವ ಹೊತ್ತಿನ ಆಚೀಚೆ ಎರಡು ತಾಸು ಕೆಲಸ, ಉಳಿದಂತೆ ಅವಲಕ್ಕಿ ತಿನ್ನುತ್ತ ಬಿಸಿಲು ಕಾಯುವುದು.

ಇಡೀ ದಿನ ಎಸೆದರೂ ಏನೂ ಸಿಗದ ದಿನಗಳೇ ಹೆಚ್ಚು. ಎಸೆ, ಎಳೆ, ನಡುವೆ ಒಂದು ಕ್ಷಣ ನಿಲ್ಲಿಸು, ಮತ್ತೆ ಎಳೆ. ಆ ನಿಲ್ಲಿಸುವ ಕ್ಷಣದಲ್ಲೇ ಮೀನು ಹೊಡೆಯುವುದು ಹೆಚ್ಚು ಎಂಬುದು ಈ ವಿದ್ಯೆಯಲ್ಲಿ ಪಳಗಿದವರ ಮಾತು. ಸೀಬಾಸ್ ಗಾಳಕ್ಕೆ ಬಿದ್ದರೆ ನೀರಿನಿಂದ ಪೂರ್ತಿ ಮೇಲೆದ್ದು ತಲೆ ಕೊಡವುತ್ತದೆ. ಕೊಕ್ಕೆ ಕಳಚುವುದು ಆಗಲೇ. ಸಿಕ್ಕಿದರೆ, ಮೂಗಿನಿಂದ ಬಾಲದವರೆಗೆ ಅಳತೆ, ಒಂದು ಫೋಟೊ, ಆಮೇಲೆ ಬಾಲದ ಬುಡ ಹಿಡಿದು ನೀರಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸಿ ಬಿಡುವುದು.

ಬಾಡಿಗೆ ದೋಣಿಯವರಿಗೆ ಇದು ಬಗೆಹರಿಯದ ಒಗಟು. “ಬಿಡುದಾರೆ ಹಿಡುದ್ ಎಂತಕ್ ಮಾರಾಯ್ರೆ?” ಎಂಬ ಪ್ರಶ್ನೆ ಆ ದೋಣಿಗಳಲ್ಲಿ ಕೇಳಿಬರುವುದು ಹೊಸದೇನಲ್ಲ. ದೊಡ್ಡ ಸೀಬಾಸಿಗೆ ಪೇಟೆಯಲ್ಲಿ ಒಳ್ಳೆ ಕ್ರಯ. ಒಂದು ಮೀನಿನ ದುಡ್ಡು ದಿನದ ದೋಣಿ ಬಾಡಿಗೆಯನ್ನೂ ಮೀರೀತು. ಗಾಳಗಾರನ ಕಡೆಯ ಉತ್ತರ ಜೀವಶಾಸ್ತ್ರದ್ದು. ಸೀಬಾಸ್ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷದ ಮೇಲೆ ಹೆಣ್ಣಾಗುತ್ತದೆ. ಎಂದರೆ ದೊಡ್ಡದೆಲ್ಲ ಬಹುಪಾಲು ಹೆಣ್ಣೇ, ಅಳಿವೆಯ ಉಪ್ಪುನೀರಿನಲ್ಲಿ ಮೊಟ್ಟೆ ಇಡುವ ತಾಯಿ. ನಡುಗಾತ್ರದ್ದೊಂದನ್ನು ಊಟಕ್ಕೆ ಒಯ್ದರೆ ಹೊಳೆಗೆ ನಷ್ಟ ಕಡಿಮೆ. ಈ ಮಾತನ್ನು ದೋಣಿಯವರು ಒಪ್ಪುತ್ತಾರೆ ಎಂದಲ್ಲ. ರಂಪಣಿ ಬಲೆಯ ಕಾಲ ಕಂಡವರಿಗೆ, 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಆ ಬಲೆಯನ್ನು ಮೂಲೆಗೆ ತಳ್ಳಿದ್ದನ್ನು ನೋಡಿದವರಿಗೆ, ಒಂದು ಮೀನು ಬಿಟ್ಟು ಕಡಲು ಉಳಿಸುವ ಬೆಂಗಳೂರಿನವರ ಉತ್ಸಾಹ ಸ್ವಲ್ಪ ನಗೆ ತರಿಸಿದರೆ ಅದು ನ್ಯಾಯವೇ. ಹೊಳೆಗಳಿಗೆ ಉಪ್ಪು ತಡೆಯಲು ಹಾಕಿದ ಕಿಂಡಿ ಅಣೆಕಟ್ಟುಗಳೂ ಮರಳು ತೆಗೆಯುವ ದೋಣಿಗಳೂ ಗಾಳಕ್ಕಿಂತ ದೊಡ್ಡ ಲೆಕ್ಕದವು.

ಅಳಿವೆಯಲ್ಲಿ ಕೊರತೆ ಇರುವುದು ಬರೆದಿಡುವ ಕಡೆ. ಗಾಳಿಬೋರೆಯಲ್ಲಿ ಬಿಡಾರವೊಂದಿತ್ತು, ಪುಸ್ತಕವೊಂದಿತ್ತು, ಪೆನ್ನು ಹಿಡಿಯುವ ಕೆಲಸಗಾರನಿದ್ದ. ಇಲ್ಲಿ ಫೋಟೊ ಫೋನಿನ ಗುಂಪುಗಳಿಗೆ ಹೋಗುತ್ತದೆ, ಜಾಗ ಗುಟ್ಟಾಗಿರಲಿ ಎಂದು ಹಿನ್ನೆಲೆ ಮಸುಕು ಮಾಡಲಾಗುತ್ತದೆ, ಖಾಲಿ ಕೈಯಲ್ಲಿ ಬಂದ ದಿನಗಳ ಸುದ್ದಿ ಎಲ್ಲಿಯೂ ದಾಖಲಾಗುವುದಿಲ್ಲ. ಮೀನು ಹೆಚ್ಚಿದೆಯೋ ಇಳಿದಿದೆಯೋ ಎಂದು ಹೇಳಲು ಆ ಖಾಲಿ ಗಂಟೆಗಳೇ ಬೇಕು. ಥಾಮಸನಿಗೆ ಇದು ಗೊತ್ತಿತ್ತು. ಕಂದಾಯದವನಲ್ಲವೇ, ಬಾರದ ವಸೂಲಿಯನ್ನೂ ಬರೆಯುವ ಅಭ್ಯಾಸ.

ದಕ್ಷಿಣ ಕನ್ನಡ ಬಿಟ್ಟು ಮದ್ರಾಸಿನ ರೆವೆನ್ಯೂ ಬೋರ್ಡಿಗೆ ಹೋದ ಮೇಲೂ ಆತ ಗಾಳ ಬಿಡಲಿಲ್ಲ. 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕ ಬರೆದ. ಹೊಳೆಯವರೆಗೆ ಹೋಗಲು ರಜೆ ಸಿಗದವನು ಊರ ಕೆರೆಯಲ್ಲೇ ಏನು ಹಿಡಿಯಬಹುದು ಎಂಬುದು ಅದರ ವಿಷಯ. ಬೆಂಗಳೂರಿಗೆ ಹೇಳಿ ಮಾಡಿಸಿದ ಪುಸ್ತಕ, ಆದರೆ ಆ ಬೆಂಗಳೂರು ಈಗಿಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿದ್ದಾಗ ಇನ್ನೂ ಹಳ್ಳಿಯಾಗಿದ್ದ ಯಡಿಯೂರು ತನ್ನ ಕೆರೆಯನ್ನು ಉಳಿಸಿಕೊಂಡದ್ದೇ ದೊಡ್ಡದು. ಈಗ ಅದಕ್ಕೆ ಬೇಲಿಯಿದೆ, ಸುತ್ತ ನಡೆಯುವ ಹಾದಿಯಿದೆ, ಗಣೇಶನನ್ನು ಬಿಡಲು ಪಕ್ಕದಲ್ಲಿ ಕಲ್ಯಾಣಿಯಿದೆ. ಬೆಳಗಿನ ನಡಿಗೆಯವರ ನಡುವೆ ರೀಲು ತಿರುಗಿಸುವ ಜಾಗವಲ್ಲ ಅದು.

ಊರಾಚೆಯ ಕೆರೆಗಳಲ್ಲಿ ಕತೆ ಬೇರೆ. ಅಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗುತ್ತದೆ. ಕಾಟ್ಲಾ, ರೋಹು ಸಾಕುವ ಗುತ್ತಿಗೆದಾರನ ಅಪ್ಪಣೆ ಪಡೆದು ಲೂರ್ ಹುಡುಗರು ಎಸೆಯುವುದು ಕೊರವನಿಗೆ, ತುಳುನಾಡಿನವರ ಮಡೆಂಜಿಗೆ. 1950ರ ದಶಕದಲ್ಲಿ ಹೊರಗಿನಿಂದ ಬಂದು ಕೆರೆಗಳನ್ನೆಲ್ಲ ತುಂಬಿದ ಜಿಲೇಬಿ ಮೀನು ಅವರ ಕಣ್ಣಿಗೆ ಕಸ. ಕೊರವ ಗಾಳಿ ಕುಡಿಯಲು ಮೇಲಕ್ಕೆ ಬರುವ ಮೀನು. ಅದು ಬಂದು ಹೋದ ಗುಳ್ಳೆ ನೋಡಿ ಎಸೆಯಬೇಕು. ಹಳ್ಳಿಯವರು ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚಿ ಹೂಳಿನ ಮೇಲೆ ಕುಣಿಸುತ್ತಿದ್ದರು, ಈಗ ರಬ್ಬರಿನ ಕಪ್ಪೆ ಅದೇ ಕುಣಿತ ಕುಣಿಯುತ್ತದೆ.

ಮಳೆ ಶುರುವಾದ ಮೇಲೆ ಕೊರವ ಜೋಡಿ ಗೂಡು ಮಾಡಿ ಮೊಟ್ಟೆಯಿಡುತ್ತದೆ. ಕೆಂಪು ಕಿತ್ತಳೆ ಬಣ್ಣದ ಮರಿಗಳು ಮುದ್ದೆಯಾಗಿ ನೀರಿನ ಮೇಲ್ಮೈಯಲ್ಲಿ ಮಿಸುಕಾಡುತ್ತವೆ, ಕೆಳಗೆ ತಂದೆ ತಾಯಿ ಕಾವಲು. ಮರಿಗಳ ನಡುವೆ ಕಪ್ಪೆಯೊಂದು ಬಿದ್ದರೆ ಹಸಿವಿಲ್ಲದಿದ್ದರೂ ಕಾವಲಿನ ಮೀನು ಹೊಡೆಯುತ್ತದೆ. ಇದಕ್ಕಿಂತ ಸುಲಭದ ಗಾಳ ಇನ್ನೊಂದಿಲ್ಲ. ದೊಡ್ಡದು ದಡಕ್ಕೆ ಬಂದ ಸ್ವಲ್ಪ ಹೊತ್ತಿನಲ್ಲೇ ಮರಿಮುದ್ದೆಯ ಸುತ್ತ ಜಿಲೇಬಿಗಳು ಸೇರುತ್ತವೆ. ಬೆಂಗಳೂರಿನ ಗಾಳಗಾರರಲ್ಲಿ ಕೆಲವರು ಮರಿ ಕಂಡರೆ ಎಸೆಯುವುದಿಲ್ಲ ಎಂದು ತಮಗೆ ತಾವೇ ನಿಯಮ ಮಾಡಿಕೊಂಡಿದ್ದಾರೆ. ಮರಿ ಹುಡುಕಿಕೊಂಡೇ ಹೋಗುವವರೂ ಇದ್ದಾರೆ. ಈ ಎರಡು ಪಂಗಡಗಳ ಜಗಳ ಪ್ರತಿ ಜೂನಿನಲ್ಲಿ ಹೊಸದಾಗಿ ಹತ್ತಿಕೊಳ್ಳುತ್ತದೆ. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳು ಯಂತ್ರದೋಣಿಗಳಿಗೆ ಸರ್ಕಾರದ ರಜೆ ಇದೆ; ಕೆರೆಯ ಕೊರವನಿಗೆ ಅಂಥದ್ದೊಂದು ಬೇಕು ಎನ್ನುವುದು ಮೊದಲ ಪಂಗಡದ ಬೇಡಿಕೆ.